ರಸಬಾಳೆಗೆ ಯಾವ ನಂಬರು?

ತಿರುಮಕೂಡಲು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅನ್ನುವುದು ನಮ್ಮ ಕಡೆಯವರ ಖಚಿತ ಅಭಿಪ್ರಾಯ. ಸಾಕ್ಷಿ ಬೇಕಾದವರು ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈ ನೋಡಬಹುದು. ಬೆರಳ ಸಂದಿಯಲ್ಲಿ ಗುಲಗಂಜಿ ಹಿಡಿದೇ ಇದ್ದಾನೆ. ಪುಣ್ಯವನ್ನು ಇಷ್ಟು ಕರಾರುವಾಕ್ಕಾಗಿ ತೂಗಿದ ಊರು ಇನ್ನೊಂದಿರಲಾರದು. ನನ್ನ ತಲೆನೋವು ಬೇರೆ. ಈ ಕ್ಷೇತ್ರದ ಸ್ಥಳಪುರಾಣವನ್ನು ಲೈಬ್ರರಿಯಲ್ಲಿ ಯಾವ ಬೀರುವಿಗೆ ಸೇರಿಸಬೇಕು? ಧರ್ಮಕ್ಕೋ, ಇತಿಹಾಸಕ್ಕೋ, ಕಾವೇರಿ ಕಪಿಲೆಯರು ಕೂಡಿದ ಕಾರಣಕ್ಕೆ ಭೂಗೋಳಕ್ಕೋ, ಗುಲಗಂಜಿಯ ದೆಸೆಯಿಂದ ತೂಕ-ಅಳತೆಗೋ?

ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿದವರಿಗೆ ಇಂಥ ಯೋಚನೆ ಬರುವುದಿಲ್ಲ. ಸೀಟು ಸಿಕ್ಕರೆ ಸಾಕು ಅವರಿಗೆ. ಆದರೆ ಇದನ್ನೇ ಜೀವಮಾನವೆಲ್ಲ ತಲೆಗೆ ಹಚ್ಚಿಕೊಂಡವರೊಬ್ಬರಿದ್ದರು: ಎಸ್. ಆರ್. ರಂಗನಾಥನ್. 1892ರಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಹುಟ್ಟಿ, ಕೊನೆಗಾಲಕ್ಕೆ ಬೆಂಗಳೂರಿನವರಾಗಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಈ ದೇಶದಲ್ಲಿ ಲೈಬ್ರರಿ ಕೆಲಸವನ್ನು ಪಾಠವಾಗಿ ಕಲಿಸಬಹುದೆಂದು ತೋರಿಸಿಕೊಟ್ಟ ದೊಡ್ಡ ಮೇಷ್ಟ್ರು.

ಪುಸ್ತಕದ ಹುಚ್ಚು ಹತ್ತಿ ಈ ಉದ್ಯೋಗಕ್ಕೆ ಬಂದವರೇನಲ್ಲ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಎದುರಿಗೆ ಹುಡುಗರಿಲ್ಲದ ಮೇಷ್ಟ್ರ ಪಾಡು ಏನಾಗಬೇಕೋ ಅದೇ ಆಯಿತು. ಕೆಲವೇ ದಿನಗಳಲ್ಲಿ ಬೇಸರ ಬಂದು, ಹಳೆಯ ಕೆಲಸಕ್ಕೇ ಕರೆಸಿಕೊಳ್ಳಿ ಎಂದು ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತರಂತೆ. ತರಬೇತಿಗೆ ಲಂಡನ್ನಿಗೆ ಹೋಗಿ ಬಾ, ಆಮೇಲೂ ಮನಸ್ಸು ಹತ್ತದಿದ್ದರೆ ನೋಡೋಣ ಎಂಬರ್ಥದ ಉತ್ತರ ಬಂತು. ಹೋದರು, ಮನಸ್ಸು ಹತ್ತಿತು. ಗಣಿತವನ್ನು ಬಿಟ್ಟರು ಅನ್ನುವುದಕ್ಕಿಂತ ಬೀರುಗಳ ನಡುವೆ ತಂದು ಕೂರಿಸಿದರು ಅನ್ನಬೇಕು. 1929ರ ಹೊತ್ತಿಗೆ ಮದ್ರಾಸಿನಲ್ಲಿ ಗ್ರಂಥಪಾಲಕರಿಗೆಂದೇ ತರಗತಿ ಶುರುವಾಗಿತ್ತು. ಮೇಷ್ಟ್ರಿಗೆ ಹುಡುಗರು ಸಿಕ್ಕಿದ್ದರು.

ಲಂಡನ್ನಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದು ಆಟದ ಸಾಮಾನು, ಮೆಕ್ಯಾನೊ. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು. ಅಂಗಡಿಯವನು ಜೋಡಿಸಿ ಬಿಚ್ಚಿ ಬೇರೆ ಬೇರೆ ಆಟಿಕೆ ಮಾಡಿ ತೋರಿಸುತ್ತಿದ್ದ. ಬೇರೆಯವರಾಗಿದ್ದರೆ ಮಕ್ಕಳಿಗೊಂದು ಕೊಂಡು ಬರುತ್ತಿದ್ದರು. ಇವರು ಅದರಿಂದ ಪುಸ್ತಕಗಳನ್ನು ವಿಂಗಡಿಸುವ ಹೊಸ ಪದ್ಧತಿಯನ್ನೇ ತೆಗೆದರು. ಅದು 1933ರಲ್ಲಿ ಅಚ್ಚಾಯಿತು. ಅಮೆರಿಕದ ಡ್ಯೂಯಿ 1876ರಲ್ಲೇ ಎಲ್ಲ ವಿಷಯಕ್ಕೂ ಮೊದಲೇ ನಂಬರು ಬರೆದಿಟ್ಟ ಪಟ್ಟಿ ಕೊಟ್ಟಿದ್ದ. ಅದರಲ್ಲಿ ಇಡೀ ಕನ್ನಡ ಸಾಹಿತ್ಯ 894.814 ಎಂಬ ಓಣಿಯ ಕೊನೆಯ ಮನೆಯಲ್ಲಿದೆ. ರಂಗನಾಥನ್ ಸಿದ್ಧ ನಂಬರು ಕೊಡಲಿಲ್ಲ, ಬಿಡಿ ಭಾಗ ಕೊಟ್ಟರು.

ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇಪ್ಪತ್ತನೆಯ ಶತಮಾನದಲ್ಲಿ ನಂಜನಗೂಡು ರಸಬಾಳೆಗೆ ಬಿದ್ದ ಸೊರಗು ರೋಗದ ಹತೋಟಿ ಎಂದು ಯಾರೋ ಪುಸ್ತಕ ಬರೆದರು ಅನ್ನಿ. ವ್ಯವಸಾಯಕ್ಕೆ ಅವರ ಪದ್ಧತಿಯಲ್ಲಿ ಜೆ ಅಕ್ಷರ. ಅದರ ಹಿಂದೆ ಬಾಳೆ ಎಂಬ ಬೆಳೆ, ಆಮೇಲೆ ರೋಗ, ಆಮೇಲೆ ಹತೋಟಿ, ಆಮೇಲೆ ಸ್ಥಳ, ಭಾರತಕ್ಕೆ 44, ಕೊನೆಗೆ ಕಾಲ, ಇಪ್ಪತ್ತನೆಯ ಶತಮಾನಕ್ಕೆ ಎನ್. ನಡುವೆ ಚುಕ್ಕೆ, ಕೋಲನ್ ಹಾಕಿ ಕೂಡಿಸಿದರೆ ಪುಸ್ತಕದ ಜಾತಕವೇ ಬೆನ್ನಿನ ಮೇಲೆ ಬಂತು. ನಂಜನಗೂಡಿನ ಪಕ್ಕದ ದೇವರಸನಹಳ್ಳಿಯ ಬಾಳೆಗೂ ಬಾಗಿಲು ತೆರೆಯುವ ಪದ್ಧತಿ. ತೊಂದರೆ ಒಂದೇ: ನಂಬರು ಪುಸ್ತಕದ ಬೆನ್ನಿಗಿಂತ ಉದ್ದವಾಗುತ್ತದೆ. ಬಹುಪಾಲು ಲೈಬ್ರರಿಗಳು ಡ್ಯೂಯಿಯನ್ನೇ ಹಿಡಿದುಕೊಂಡದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

1931ರಲ್ಲಿ ಅವರು ಬರೆದ ಐದು ಸೂತ್ರಗಳು ಮಾತ್ರ ಯಾರ ಬಾಯಿಗೂ ಹಿಡಿಸುತ್ತವೆ. ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು ಮೊದಲನೆಯದು. ಇದನ್ನೂ ಒಬ್ಬರು ಹೇಳಬೇಕಿತ್ತೆ ಅನ್ನಿಸಬಹುದು. ಬೀರುವಿಗೆ ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರನ್ನು ಕಂಡವರಿಗೆ ಹಾಗನ್ನಿಸುವುದಿಲ್ಲ. ಅದೇ ವರ್ಷ ಮನ್ನಾರ್‌ಗುಡಿಯಲ್ಲಿ ಎತ್ತಿನಗಾಡಿಯೇ ಲೈಬ್ರರಿಯಾಗಿ ಹಳ್ಳಿಹಳ್ಳಿ ತಿರುಗಿತು. ನಂಜನಗೂಡಿನ ದೊಡ್ಡ ಜಾತ್ರೆಯ ಐದು ತೇರು ನೋಡಿದ ಕಣ್ಣಿಗೆ ಆ ಗಾಡಿ ಏನೂ ಅಲ್ಲ. ಆದರೆ ಅದನ್ನೆಳೆಯಲು ಎರಡೇ ಎತ್ತು ಸಾಕಾಗಿತ್ತು.

ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಅನ್ನುವುದು ಮೂರನೆಯ ಸೂತ್ರ. ಇದು ನೆನಪಾದಾಗಲೆಲ್ಲ ನಂಜನಗೂಡು ತಿರುಮಲಾಂಬಾ ಕಣ್ಣೆದುರು ಬರುತ್ತಾರೆ. ಎಳವೆಯಲ್ಲೇ ವಿಧವೆಯಾದ ಹೆಣ್ಣುಮಗಳು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಕಟ್ಟಿ, ತಾನೇ ಬರೆದು ತಾನೇ ಪ್ರಕಟಿಸಿದರು. 1982ರವರೆಗೂ ಬದುಕಿದ್ದರು, ನಾಡು ಅವರನ್ನು ಮಧ್ಯದಲ್ಲೇ ಮರೆತು, ಕೊನೆಗಾಲದಲ್ಲಿ ಹುಡುಕಿ ತೆಗೆಯಿತು. ಪುಸ್ತಕಕ್ಕೆ ಓದುಗ ಸಿಗುವುದು ಇಷ್ಟು ತಡವಾದರೆ, ಓದುಗನ ಹೊತ್ತು ಉಳಿಸಬೇಕೆಂಬ ನಾಲ್ಕನೆಯ ಸೂತ್ರ ಎಲ್ಲಿ ಹೋಯಿತು ಎಂದು ರಂಗನಾಥನ್ ಗದರಿಸುತ್ತಿದ್ದರೇನೋ.

1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಸರೆಯಲ್ಲಿ ಬೆಂಗಳೂರಿನಲ್ಲಿ ಅವರು ದಾಖಲೀಕರಣದ ತರಬೇತಿ ಕೇಂದ್ರ ತೆರೆದರು. ವಯಸ್ಸು ಎಪ್ಪತ್ತು, ಉಳಿದವರು ಪಿಂಚಣಿ ಎಣಿಸುವ ಹೊತ್ತು. ದೇಶದ ನಾನಾ ಕಡೆಯಿಂದ ಬಂದವರು ಅಲ್ಲಿ ಕಲಿತು ಹೋಗಿ ತಾವೂ ಮೇಷ್ಟ್ರುಗಳಾದರು. ಎಲ್ಲ ರಾಜ್ಯಕ್ಕೂ ಗ್ರಂಥಾಲಯ ಕಾಯ್ದೆ ಬೇಕೆಂದು ಅವರು ವರ್ಷಗಟ್ಟಲೆ ಹೇಳುತ್ತಲೇ ಇದ್ದರು. ನಮ್ಮ ರಾಜ್ಯದಲ್ಲಿ 1965ರಲ್ಲಿ ಕಾಯ್ದೆಯಾಗಿ, ಮರುವರ್ಷದ ನವೆಂಬರ್ 1ರಿಂದ ಜಾರಿಗೆ ಬಂತು. ಅಂದಿನಿಂದ ಕಂದಾಯದ ಜೊತೆ ಗ್ರಂಥಾಲಯ ಕರವೂ ಬಂತು.

ತಾಲ್ಲೂಕು ಊರಿನ ಲೈಬ್ರರಿಯಲ್ಲಿ ಬೆಳಗ್ಗೆ ಒಂದೇ ಪೇಪರನ್ನು ನಾಲ್ಕು ಜನ ಹಾಳೆ ಹಂಚಿಕೊಂಡು ಓದುತ್ತಾರೆ. ಕ್ರೀಡಾಪುಟ ಹಿಡಿದವನು ಬೇಗ ಬಿಡುವುದಿಲ್ಲ. “ಆಯ್ತಾ ಸ್ವಾಮಿ?” ಎಂದು ಎದುರಿಗಿದ್ದವರು ಕೇಳಿದರೆ, “ಇನ್ನೊಂದು ನಿಮಿಷ” ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಒಮ್ಮೆ ಹೀಗೆ ಕಾಯುತ್ತಿದ್ದ ಹಿರಿಯರಿಗೆ ಈ ಕರದ ವಿಚಾರ ಹೇಳಿದೆ. ಮೂವತ್ತು ವರ್ಷದಿಂದ ಮನೆಗಂದಾಯ ಕಟ್ಟುತ್ತಿದ್ದರೂ ಅವರಿಗೆ ಅದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಟ ಹಿಡಿದವನ ಕಡೆ ಬಾಗಿ, “ಏನಪ್ಪಾ, ನೀನು ಸ್ವಂತ ಮನೆಯವನೋ, ಬಾಡಿಗೆಯವನೋ?” ಎಂದು ಕೇಳಿದರು.