ತುದಿರಾಯರು

ಮಿಕ್ಸಿ ಕೊಳ್ಳುವ ಮೊದಲು ಮೂರು ತಿಂಗಳು ಅಧ್ಯಯನ ಮಾಡುವವರನ್ನು ನೀವು ಕಂಡಿರುತ್ತೀರಿ. ವ್ಯಾಟ್ ಎಷ್ಟು, ಬ್ಲೇಡು ಯಾವ ಉಕ್ಕಿನದು, ಮುಚ್ಚಳದ ರಬ್ಬರು ಬಿಡಿಯಾಗಿ ಸಿಗುತ್ತದೋ ಇಲ್ಲವೋ ಎಂದೆಲ್ಲ ಜಾಲಾಡಿ, ಕೊನೆಗೆ ಕೊಂಡ ದಿನವೇ ‘ಇದರ ಹೊಸ ಮಾಡೆಲ್ ಬರೋದಿತ್ತಂತೆ’ ಎಂದು ಕೊರಗುವ ಪಂಗಡ. ಈ ಪಂಗಡದವರು ಸಾಫ್ಟ್‌ವೇರ್ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿ, ಭಾನುವಾರ ಹೊತ್ತು ಹೋಗದೆ ಸಮುದ್ರದಲ್ಲಿ ಗಾಳ ಹಾಕಲು ಹೊರಟರೆ ತುದಿರಾಯರಾಗುತ್ತಾರೆ. ಹೆಸರು ನಾವಿಟ್ಟದ್ದು. ಅವರ ಪ್ರಾಣವೆಲ್ಲ ಇರುವುದು ಗಾಳದ ಕೋಲಿನ ಕೊನೆಯ ಎರಡಡಿಯಲ್ಲಿ.

ನನಗೆ ಗೊತ್ತಿರುವ ತುದಿರಾಯರು ತೀರ್ಥಹಳ್ಳಿ ಕಡೆಯವರು. ಚಿಬ್ಬಲಗುಡ್ಡೆಯಲ್ಲಿ ತುಂಗೆಯ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿ ಕೈಮುಗಿಯುತ್ತ ಬೆಳೆದವರು. ಈಗ ಅದೇ ಕೈಯಲ್ಲಿ ಬೊಂಡಾಸ ಕತ್ತರಿಸಿ ಗಾಳಕ್ಕೆ ಸಿಕ್ಕಿಸುತ್ತಾರೆ. ಅವರಿಗೆ ಬೇಕಾದದ್ದು ಕ್ವಿವರ್ ಟಿಪ್ ರಾಡ್. ಮೂಲದಲ್ಲಿ ಇದು ಇಂಗ್ಲೆಂಡಿನ ಹೊಳೆ-ಕೆರೆಗಳ ಸಂಕೋಚದ ಮೀನುಗಳಿಗಾಗಿ ಹುಟ್ಟಿದ ಸಾಮಾನು. ಕೋಲಿನ ಕೊನೆಗೆ ತೀರ ತೆಳ್ಳನೆಯ ಬೇರೊಂದು ತುದಿ, ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ. ಮೀನು ಎರೆಯನ್ನು ಮೂಸಿದರೂ ಅದು ನಡುಗಬೇಕು. ತುದಿಯ ಬಿರುಸನ್ನು ಔನ್ಸಿನಲ್ಲಿ ಹೇಳುತ್ತಾರೆ: 1, 2, 3. ಗಾಜಿನ ನಾರಿನದು ಮೆತ್ತಗೆ, ಕಾರ್ಬನ್ನಿನದು ಬಿರುಸು. ಇದೇ ಉಪಾಯವನ್ನು ದೋಣಿಗೆ ಒಗ್ಗಿಸಿ ಗಿಡ್ಡನೆಯ, ಬುಡ ಗಟ್ಟಿಯಿರುವ ಕೋಲುಗಳೂ ಬಂದಿವೆ. ಸಾಮಾನ್ಯ ದೋಣಿ ಕೋಲನ್ನು ಕಂಡರೆ ರಾಯರಿಗೆ ತಾತ್ಸಾರ. ಅದರ ತುದಿ ಅಲುಗಿತೆಂದರೆ ಮೀನು ಕಚ್ಚಿದೆ ಎಂದಲ್ಲವಂತೆ, ದೋಣಿ ಬಂಡೆಗೆ ಬಡಿದಿದೆ ಎಂದರ್ಥವಂತೆ.

ಅಂಗಡಿಗೆ ಹೋದರೆ ಕೋಲನ್ನು ಎತ್ತಿ ಅಲ್ಲಾಡಿಸುವುದು ಮೊದಲ ಶಾಸ್ತ್ರ. ಎಲ್ಲರೂ ಮಾಡುತ್ತಾರೆ. ಅದರಿಂದ ಗೊತ್ತಾಗುವುದು ಅಂಗಡಿಯ ಸೂರು ಎಷ್ಟು ಎತ್ತರದಲ್ಲಿದೆ ಎಂಬುದು ಮಾತ್ರ. ನಿಜವಾದ ಪರೀಕ್ಷೆ ರಾಯರ ಅಡುಗೆಮನೆಯಲ್ಲಿ. ಕೋಲಿನ ಬುಡವನ್ನು ಊಟದ ಮೇಜಿಗೆ ಬಿಗಿದು, ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಅದರೊಳಗೆ ಚಮಚ ಚಮಚವಾಗಿ ಸಾಸಿವೆ ಸುರಿಯುತ್ತಾರೆ. 3 ಔನ್ಸ್ ಎಂದರೆ 85 ಗ್ರಾಂ. ಅಷ್ಟಕ್ಕೆ ತುದಿ ಲಂಬಕೋನಕ್ಕೆ ಬಾಗಬೇಕೆಂಬುದು ಅವರು ಓದಿಕೊಂಡ ಲೆಕ್ಕ. ‘ಕಂಪನಿಯವರು ಸುಳ್ಳು ಬರೆದಿದ್ದಾರೆ, ಎಪ್ಪತ್ತಕ್ಕೇ ಮಲಗಿತು!’ ಎಂದು ಅವರು ಕೂಗುವ ಹೊತ್ತಿಗೆ ಒಲೆಯ ಮೇಲೆ ಎಣ್ಣೆ ಕಾದಿರುತ್ತದೆ. ‘ನಿಮ್ಮ ಮೀನು ತಿಂದು ಮಿಕ್ಕಿದ್ದರೆ ಒಗ್ಗರಣೆಗೆ ಒಂದು ಚಮಚ ಕೊಡಿ’ ಎನ್ನುತ್ತಾರೆ ಮನೆಯವರು.

ವಸಂತ ಬಂತೆಂದರೆ ಸಸೆಕ್ಸ್ ಕರಾವಳಿಯ ಲಿಟಲ್‌ಹ್ಯಾಂಪ್ಟನ್ನಿಗೆ ಸವಾರಿ. ಅಲ್ಲಿಂದ ಬಾಡಿಗೆ ದೋಣಿ ಹಿಡಿದರೆ ಕಿಂಗ್‌ಮಿಯರ್ ಬಂಡೆಸಾಲು, ಕಪ್ಪು ಬ್ರೀಮ್ ಮೀನಿನ ಬಾಣಂತಿಮನೆ. ಬಾಣಂತನವೆಲ್ಲ ಗಂಡಿನದೇ. ಬಾಲದಿಂದ ಮರಳು ಗುಡಿಸಿ ಗುಂಡಿ ತೋಡಿ ಮೊಟ್ಟೆ ಕಾಯುವುದು ಅದು. ಆ ಗಂಡೂ ಹುಟ್ಟಿದಾಗ ಹೆಣ್ಣೇ. ಬೆಳೆದ ಮೇಲೆ ಗಂಡಾದದ್ದು. ಆ ಜಾಗವನ್ನು 2013ರಲ್ಲಿ ಸಂರಕ್ಷಿತ ವಲಯವೆಂದು ಸಾರಿದ್ದಾರೆ. ಮರಿಮಾಡುವ ಕಾಲದಲ್ಲಿ ಒಬ್ಬರು ಇಷ್ಟೇ ಮೀನು ಒಯ್ಯಬಹುದೆಂಬ ಕಟ್ಟಳೆಯೂ ಉಂಟು. ತುದಿರಾಯರು ಆ ಕಟ್ಟಳೆಯನ್ನು ಎಂದೂ ಮೀರಿದವರಲ್ಲ. ಮೀರುವ ಸಂದರ್ಭವೇ ಒದಗಿಲ್ಲ.

ಅವರ ತೊಂದರೆಯೇನೆಂದರೆ, ಅವರ ಬಳಿ ಯಾವಾಗಲೂ ಕಳೆದ ಸಲದ ಸಮುದ್ರಕ್ಕೆ ಸರಿಯಾದ ಕೋಲಿರುತ್ತದೆ. ಒಮ್ಮೆ 2 ಔನ್ಸಿನ ಮೆತ್ತನೆಯ ತುದಿ ಹಿಡಿದು ಹುಣ್ಣಿಮೆಯ ಮರುದಿನ ಬಂದರು. ಭರತದ ಸೆಳೆತ ಎಷ್ಟಿತ್ತೆಂದರೆ, ತಳಕ್ಕೆ ನಿಲ್ಲಲೆಂದು ಕಟ್ಟಿದ ಸೀಸದ ಭಾರಕ್ಕೂ ದಾರ ಎಳೆಯುವ ನೀರಿಗೂ ತುದಿ ಪೂರ್ತಿ ಬಾಗಿ ಸಾಷ್ಟಾಂಗ ಹಾಕಿತು. ಹಾಗೆ ಮಲಗಿದ ತುದಿ ಮೀನು ಕಚ್ಚಿದರೆ ಏನನ್ನು ತಾನೇ ಹೇಳೀತು? ಕೂಡಲೇ ಬಿರುಸಾದ ಕಾರ್ಬನ್ ತುದಿ ಬಂತು. ಆ ಸಲ ಅಷ್ಟಮಿಯ ಆಸುಪಾಸು. ನೀರು ನಿಂತಂತಿತ್ತು, ಬ್ರೀಮ್‌ಗಳು ಗಾಳದಿಂದ ಬೊಂಡಾಸವನ್ನು ನಾಜೂಕಾಗಿ ಬಿಡಿಸಿಕೊಂಡು ಹೋದವು, ತುದಿ ಮಿಸುಕಲಿಲ್ಲ. ಮುಂದಿನ ಸಲಕ್ಕೆ ಎರಡರ ನಡುವಿನದು ತಂದರು, ಅಂದು ಗಾಳಿ. ದೋಣಿ ಹೊಯ್ದಾಡಿದಂತೆಲ್ಲ ಎಲ್ಲರ ತುದಿಯೂ ಒಂದೇ ಸಮನೆ ತಲೆಯಾಡಿಸುತ್ತಿತ್ತು. ರಾಯರು ಅಲೆಗೊಂದು ಸಲ ಕೋಲೆತ್ತಿ ಎಳೆದರು. ಸಂಜೆಗೆ ಭುಜಕ್ಕೆ ಮುಲಾಮು.

ನನ್ನನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಏಳೆಂಟಡಿಯ ಹಗುರ ಕೋಲೊಂದಕ್ಕೆ ಮೆತ್ತನೆಯದೊಂದು, ಬಿರುಸಿನದೊಂದು ತುದಿ, ಹಿಗ್ಗದ ಹೆಣಿಗೆ ದಾರ, ಆ ದಾರದ ಮೇಲೊಂದು ತೋರುಬೆರಳು, ಇಷ್ಟಾದರೆ ಸಾಕು. ಬೆರಳಿಗೆ ಔನ್ಸ್ ಬರೆದಿಲ್ಲವಾದ್ದರಿಂದ ರಾಯರಿಗೆ ಅದರಲ್ಲಿ ನಂಬಿಕೆಯಿಲ್ಲ.

ದೋಣಿಯವನ ಕೋಲು ಇನ್ನೂ ವಿಚಿತ್ರ. ಬಣ್ಣ ಹೋಗಿ ಯಾವ ಕಂಪನಿಯದೆಂದು ತಿಳಿಯದು. ತುದಿ ಎಂದೋ ಮುರಿದು, ಮುರಿದಲ್ಲಿಗೇ ಉಂಗುರವೊಂದನ್ನು ಅಂಟಿಸಿದ್ದಾನೆ. ಅದನ್ನು ಕಟಕಟೆಗೆ ಒರಗಿಸಿ, ಒಂದು ಕೈಯಲ್ಲಿ ಚಹಾದ ಮಗ್ಗು, ಇನ್ನೊಂದರ ಬೆರಳು ದಾರದ ಮೇಲೆ. ರಾಯರು ಕಣ್ಣೆವೆ ಮುಚ್ಚದೆ ತಮ್ಮ ಕಿತ್ತಳೆ ತುದಿಯನ್ನು ನೋಡುತ್ತಿದ್ದ ಆ ಗಾಳಿಯ ದಿನವೇ ಅವನು ಚಹಾ ಮುಗಿಸುವುದರೊಳಗೆ ಎರಡು ಬ್ರೀಮ್ ಎತ್ತಿದ. ಎರಡನೆಯದು ಹಲಗೆಯ ಮೇಲೆ ಪಟಪಟ ಬಡಿಯುತ್ತಿದ್ದಾಗ ರಾಯರ ದೃಷ್ಟಿ ಮೊದಲ ಬಾರಿಗೆ ತಮ್ಮ ತುದಿಯಿಂದ ಕದಲಿತು. ಮೀನಿನ ಮೇಲಲ್ಲ, ಆ ಮೋಟು ಕೋಲಿನ ಮೇಲೆ ನೆಟ್ಟಿತು. ಜೇಬಿನಿಂದ ಟೇಪು ಹೊರಬಂತು. ಅಳೆದರು, ಬಗ್ಗಿಸಿದರು, ಮತ್ತೆ ಅಳೆದು ಫೋನಿನಲ್ಲಿ ಗುರುತು ಹಾಕಿಕೊಂಡರು.

‘ಇದು ಮುರಿದದ್ದು ತುದಿಯಿಂದ ಎಷ್ಟು ಇಂಚಿಗೆ?’ ಎಂದು ಕೇಳಿದರು.

‘ಯಾರಿಗೆ ಗೊತ್ತು? ಕಾರಿನ ಬಾಗಿಲಿಗೆ ಸಿಕ್ಕಿತ್ತು’ ಎಂದ ದೋಣಿಯವನು.

ರಾಯರು ಟೇಪು ಮಡಿಸುತ್ತ ಗಂಭೀರವಾಗಿ ಕೇಳಿದರು: ‘ಯಾವ ಕಾರು?’