ಹೆಬ್ಬೆಟ್ಟು ಬಿಡಿಸಿದ ಸಾಹೇಬರಿಗೆ

ಸಾಹೇಬ್ರೇ, ಹಲಕುಂದಿಯಿಂದ ನಿಮ್ಮ ಹಳೇ ವಿದ್ಯಾರ್ಥಿನಿಯ ಶರಣು. ಗುರುತು ಸಿಗಲಿಕ್ಕಿಲ್ಲ. ನಿಮ್ಮ ಲೆಕ್ಕದಲ್ಲಿ ನಾನು ಒಬ್ಬಳಲ್ಲ, ಮೂವರು.

ದಿಲ್ಲಿಯಲ್ಲಿ 1988ರಲ್ಲಿ ಹುಟ್ಟಿದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಳ್ಳಾರಿ ದಾಟಿ ನಮ್ಮ ಗುಡಿಕಟ್ಟೆಗೆ ಬರುವಷ್ಟರಲ್ಲಿ ನನಗೆ ಎರಡು ಮಕ್ಕಳಾಗಿದ್ದವು. ಸ್ಲೇಟು ಕೊಟ್ಟಿರಿ, ಹೆಸರು ಬರೆದೆ, ಸಾಕ್ಷರಳಾದೆ. ಎರಡನೇ ಪುಸ್ತಕ ಬರುವ ಮೊದಲೇ ಕಂದೀಲಿನ ಎಣ್ಣೆ ಮುಗಿಯಿತು. 2009ರಲ್ಲಿ ‘ಸಾಕ್ಷರ ಭಾರತ’ ಬಂತು. ಏಳು ಕೋಟಿ ಮಂದಿಗೆ ಅಕ್ಷರ ಕಲಿಸುವ ಗುರಿ, ಅದರಲ್ಲಿ ಆರು ಕೋಟಿ ಹೆಂಗಸರು. ಅಷ್ಟು ತಲೆ ಎಲ್ಲಿಂದ ತರುತ್ತೀರಿ ಪಾಪ, ನಾನೇ ಮತ್ತೊಮ್ಮೆ ನಿರಕ್ಷರಳಾದೆ. ಈಗ 2022ರಿಂದ ‘ನವ ಭಾರತ ಸಾಕ್ಷರತೆ’, ಮುದ್ದಿನ ಹೆಸರು ಉಲ್ಲಾಸ್. “ಅಜ್ಜಿ, ನೀ ಪ್ರತಿ ಸಲ ಫೇಲ್ ಆಗ್ತೀಯೇನು?” ಅಂತಾಳೆ ಮೊಮ್ಮಗಳು. ಇಲ್ಲವ್ವಾ, ಪ್ರತಿ ಸಲ ಪಾಸಾಗ್ತೀನಿ, ಅದಕ್ಕೇ ಕರೀತಾರ.

ಜನಗಣತಿಯವರಿಗೆ ಸಹಿ ಸಾಲದಂತೆ, ಅರ್ಥ ತಿಳಿದು ಓದಿ ಬರೆಯಬೇಕಂತೆ. 2011ರಲ್ಲಿ ನಮ್ಮ ಜಿಲ್ಲೆಯ ಹೆಂಗಸರಲ್ಲಿ ಅಂಥವರು ನೂರಕ್ಕೆ 58. ಆ ಐವತ್ತೆಂಟರಲ್ಲಿ ನಾನು ಎಷ್ಟು ಮಂದಿಯೋ!

ನಿಜ ಹೇಳಲೇ? ನಾನು ಓದು ಕಲಿತದ್ದು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ. ಆಂಧ್ರದ ಬಸ್ಸಿನ ಬೋರ್ಡಿನ ಅಕ್ಷರ ನಮ್ಮದರಂತೆಯೇ, ತಲಕಟ್ಟು ಮಾತ್ರ ಬೇರೆ. ಅರ್ಧ ಓದಿ ಹತ್ತಿದೆ, ಗುಂತಕಲ್ಲಿನಲ್ಲಿ ಇಳಿದೆ, ಮತ್ತೊಂದು ಟಿಕೆಟ್ಟು ಕೊಂಡು ವಾಪಸು ಬಂದೆ. ಜೀವನದಲ್ಲಿ ನಾನು ಕಟ್ಟಿದ ಫೀಸು ಅಂದರೆ ಆ ಎರಡು ಟಿಕೆಟ್ಟು.

ಹೆಬ್ಬೆಟ್ಟು ಒತ್ತುವುದು ನಾಚಿಕೆ ಅಂತ ಕಲಿಸಿದವರು ನೀವು. ಈಗ ರೇಷನ್ ಅಂಗಡಿಯಲ್ಲಿ ಸಹಿ ಮಾಡ್ತೀನಿ ಅಂದರೆ ಅಂಗಡಿಯವನು ನಗುತ್ತಾನೆ: “ಸೈನ್ ಬ್ಯಾಡವ್ವ, ಹೆಬ್ಬಟ್ಟು ಇಡು.” ಹತ್ತಿ ಬಿಡಿಸಿ, ಮೆಣಸಿನಕಾಯಿ ಬಿಡಿಸಿ ಸವೆದ ಬೆರಳು, ಮಷೀನಿಗೆ ಹಿಡಿಸುವುದಿಲ್ಲ. ಒರೆಸಿ ಇಡು, ಒತ್ತಿ ಇಡು, ಎಡಗೈ ಇಡು. ನನ್ನ ಹಿಂದೆ ಎಂ.ಎ. ಓದಿದ ಹುಡುಗನೂ ಬೆರಳು ಒರೆಸಿಕೊಳ್ಳುತ್ತಾ ನಿಂತಿರುತ್ತಾನೆ. ಮೂವತ್ತು ವರ್ಷ ನೀವು ಬಿಡಿಸಿದ್ದನ್ನು ಅಂಗೈಯಗಲದ ಡಬ್ಬಿ ಎಲ್ಲರಿಗೂ ಮತ್ತೆ ಕಲಿಸಿತು.

ನಾಲ್ಕನೇ ಸಲ ಬರುವಾಗ ಸ್ಲೇಟು ತರಬೇಡಿ, ಮೂರು ಇವೆ. ಒಂದರ ಮೇಲೆ ಸಂಡಿಗೆ ಒಣಗುತ್ತಿದೆ. ಎರಡನೇ ಪುಸ್ತಕ ತನ್ನಿ. ಖಾಸಗಿಯಾಗಿ ಹತ್ತನೇ ತರಗತಿ ಕಟ್ಟುವ ಆಸೆ ನನಗೆ. ಹೇಗೆ ಅಂತ ಅರ್ಜಿ ಬರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. “ಈ ವಯಸ್ಸಿನಾಗ ಓದಿ ಯಾವ ನೌಕರಿ ಮಾಡ್ತೀಯಬೇ?” ಅಂದರು. ನೌಕರಿಯಲ್ಲಿದ್ದವರು ಅವರು, ಅರ್ಜಿ ಮಾತ್ರ ಓದಲಿಲ್ಲ.

ಈ ಪತ್ರದಲ್ಲಿ ತಪ್ಪಿದ್ದರೆ ಕೆಂಪು ಮಸಿಯಲ್ಲಿ ತಿದ್ದಿ ವಾಪಸು ಕಳಿಸಿ. ಇಷ್ಟು ವರ್ಷದಲ್ಲಿ ಯಾರೂ ನನ್ನ ಬರಹ ತಿದ್ದಿಲ್ಲ.

ಇಂತಿ,
ಮೂವರು ಸಾಕ್ಷರರ ಪರವಾಗಿ,
ನಾನೊಬ್ಬಳೇ