ಶ್ರೀರಾಮನ ಮುಂದೆ ಸೂಪಿನ ಪ್ಯಾಕೆಟ್ಟು

ದುಂಡಸಿಯ ಕಡೆ ಮನುಷ್ಯ ಸೂಪು ಕುಡಿಯುವುದು ಮೂರೇ ಸಂದರ್ಭಗಳಲ್ಲಿ: ಜ್ವರ ಬಂದಾಗ, ಕಾಲು ಮುರಿದಾಗ, ಮತ್ತು ಶಿಗ್ಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ನೆಂಟರ ಮದುವೆಯಾದಾಗ. ಜ್ವರದ ಸೂಪನ್ನು ಡಾಕ್ಟರು ಹೇಳುತ್ತಾರೆ. ಮುರಿದ ಕಾಲಿಗೆ ಆಡಿನ ಕಾಲಿನ ಸೂಪೇ ಆಗಬೇಕೆಂದು ಊರಿಗೆ ಊರೇ ಹೇಳುತ್ತದೆ. ಮದುವೆಯ ಸೂಪನ್ನು ಮಾತ್ರ ಯಾರೂ ಹೇಳಿರುವುದಿಲ್ಲ, ಅದು ತಾನಾಗಿಯೇ ಬರುತ್ತದೆ. ಕಲ್ಯಾಣಮಂಟಪದ ಊಟದ ಹಾಲಿನ ಬಾಗಿಲಲ್ಲೇ ತಲೆಗೆ ಟೊಪ್ಪಿಗೆ ಹಾಕಿದ ಹುಡುಗನೊಬ್ಬ ಕಾಗದದ ಲೋಟಗಳ ತಟ್ಟೆ ಹಿಡಿದು ನಿಂತಿರುತ್ತಾನೆ. ಲೋಟದೊಳಗೆ ಕೆಂಪು ನೀರು, ಅದರ ಮೇಲೆ ಕರಿದ ಬ್ರೆಡ್ಡಿನ ಎರಡು ಚೂರು. ಹೀಗೊಂದು ಮದುವೆಯಲ್ಲಿ ನಮ್ಮ ಸೋದರಮಾವ ಲೋಟ ಇಸಕೊಂಡು, ಮೂಸಿ ನೋಡಿ, "ಸಾರೇನೋ ಕೊಟ್ಟಿ, ಅನ್ನ ಎಲ್ಲೈತೋ ತಮ್ಮಾ?" ಎಂದು ಕೇಳಿದರು.

"ಇದು ಊಟಕ್ಕ ಮೊದ್ಲ ಕುಡಿಯೂದ್ರಿ ಕಾಕಾ. ಹಸಿವ ಆಗ್ತೈತ್ರಿ."

"ಹಸದೇ ಬಂದೇವಲ್ಲೋ!"

ಸೂಪಿನ ವಿರುದ್ಧ ಇದಕ್ಕಿಂತ ಗಟ್ಟಿಯಾದ ವಾದವನ್ನು ನಾನು ಇನ್ನೂ ಕೇಳಿಲ್ಲ.

ಈಗ ಈ ಸೂಪು ಮದುವೆಮನೆ ಬಿಟ್ಟು ಕಿರಾಣಿ ಅಂಗಡಿಗೆ ಇಳಿದಿದೆ. ಶಾಂಪೂ ಪ್ಯಾಕೆಟ್ಟಿನ ಸರ, ಚಹಾಪುಡಿಯ ಸರ, ಅದರ ಮಗ್ಗುಲಲ್ಲಿ ಸೂಪಿನ ಸರ. ಹತ್ತು ರೂಪಾಯಿ ಕೊಟ್ಟರೆ ಅಂಗಡಿಯವರು ಒಂದನ್ನು ಹರಿದು ಕೊಡುತ್ತಾರೆ. ಮುಂಡಗೋಡದ ಕಡೆಯಿಂದ ಜಿಟಿಜಿಟಿ ಹಿಡಿದು ನಾಲ್ಕು ದಿನ ಸೂರ್ಯನ ಮುಖ ಕಾಣದಿದ್ದರೆ ಬಿಸಿ ಏನಾದರೂ ಬೇಕೆನಿಸುವುದು ಸಹಜ. ಚಹಾ ಆಗಿರುತ್ತದೆ, ಮಿರ್ಚಿ ಆಗಿರುತ್ತದೆ. ಆಮೇಲೆ ಕಣ್ಣು ಆ ಸರದ ಮೇಲೆ ಬೀಳುತ್ತದೆ. ಹುಬ್ಬಳ್ಳಿಯಲ್ಲಿ ಓದುವ ನಮ್ಮ ಚಿಗವ್ವನ ಮೊಮ್ಮಗಳು ರಜೆಗೆ ಬಂದಾಗ ತಂದದ್ದೂ ಅದನ್ನೇ.

ಅವಳು ನೀರು ಕಾಯಿಸುವಷ್ಟರಲ್ಲಿ ನಾನು ಕನ್ನಡಕ ಏರಿಸಿ ಪ್ಯಾಕೆಟ್ಟು ಓದಿದೆ. ಅದರ ಮುಂಭಾಗವನ್ನು ಕವಿಯೊಬ್ಬ ಬರೆದಂತಿತ್ತು, ಹಿಂಭಾಗವನ್ನು ಗುಮಾಸ್ತ. ಮುಂದೆ ಇಬ್ಬನಿ ಹನಿಸುವ ಟೊಮ್ಯಾಟೊ, ಗಜ್ಜರಿ, ಕೊತ್ತಂಬರಿಯ ಎಸಳು, ಮೇಲೇಳುವ ಹೊಗೆ. ಹಿಂದೆ ಇರುವೆ ಸಾಲಿನ ಅಕ್ಷರದಲ್ಲಿ ಒಳಗಿನ ಸಾಮಾನಿನ ಪಟ್ಟಿ. ಈ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ ಬರಬೇಕೆಂದು ಕಾನೂನಿದೆ. ಕಾನೂನು ಇರುವುದರಿಂದ ನಿಜ ಗೊತ್ತಾಗುತ್ತದೆ, ಅಕ್ಷರ ಸಣ್ಣದಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಸಾಲಿನಲ್ಲೇ ಕಾರ್ನ್‌ಫ್ಲೋರು, ಸಕ್ಕರೆ, ಉಪ್ಪು ಪಟ್ಟಾಗಿ ಕುಳಿತಿದ್ದವು. ತರಕಾರಿಗಳು ಬಾಗಿಲ ಬಳಿ ಎಲ್ಲೋ ನಿಂತಿದ್ದವು. ಲೋಟಕ್ಕೆ ಸುರಿದ ಮೇಲೆ ನನ್ನ ಪಾಲಿಗೆ ಬಂದ ಗಜ್ಜರಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ನೋಡಿದೆ. ಉಗುರಿನಲ್ಲಿ ಇನ್ನೂ ಜಾಗ ಉಳಿಯಿತು.

ಕಾರ್ನ್‌ಫ್ಲೋರು ಅಂದರೆ ಗೋವಿನಜೋಳದ ಪಿಷ್ಟ. ಹಾವೇರಿ ಜಿಲ್ಲೆಯವರಿಗೆ ಗೋವಿನಜೋಳದ ಪರಿಚಯ ಮಾಡಿಕೊಡಬೇಕೇ? ಮಳೆಗಾಲದಲ್ಲಿ ಶಿಗ್ಗಾವಿಯಿಂದ ರಾಣೇಬೆನ್ನೂರಿನವರೆಗೆ ಬಸ್ಸಿನ ಕಿಟಕಿಯಲ್ಲಿ ಕಾಣುವುದೇ ಅದು. 2025-26ರಲ್ಲಿ ಅದರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ಅಂದರೆ ಕಿಲೋಗೆ 24. ಆ ದರವಾದರೂ ಕೈಗೆ ಬರಲಿ, ಖರೀದಿ ಕೇಂದ್ರ ತೆರೆಯಿರಿ ಎಂದು ರೈತರು ರಸ್ತೆಗೆ ಇಳಿಯಬೇಕಾಯಿತು. ಅದೇ ಜೋಳ ಕಾರ್ಖಾನೆಯಲ್ಲಿ ಬೆಳ್ಳಗಾಗಿ, ಉಪ್ಪು ಸಕ್ಕರೆಯ ಸಂಗ ಮಾಡಿ, ಹತ್ತು ಹನ್ನೆರಡು ಗ್ರಾಮಿನ ಪ್ಯಾಕೆಟ್ಟಿನಲ್ಲಿ ಕೂತು ಹತ್ತು ರೂಪಾಯಿಗೆ ವಾಪಸು ಬರುತ್ತದೆ. ಕಿಲೋ ಲೆಕ್ಕ ಹಾಕಿದರೆ ಎಂಟುನೂರು ದಾಟಿ ಸಾವಿರದ ಹತ್ತಿರ. ಬಣ್ಣದ ಕಥೆಯೂ ಅಂಥದ್ದೇ. ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಕೆಂಪು ಜಾಸ್ತಿ. ಆ ಕೆಂಪನ್ನೇ ಹಿಂಡಿ ತೆಗೆದು ದೇಶವಿದೇಶದ ತಿನಿಸುಗಳಿಗೆ ಬಳಿಯುತ್ತಾರೆ. ದುಡಿಯಲು ಊರು ಬಿಟ್ಟು ಹೋದ ಹುಡುಗ ಕೋಟು ತೊಟ್ಟು ಬಂದು ಸ್ವಂತ ಅವ್ವನನ್ನೇ "ತಾವು ಯಾರು?" ಎಂದು ಕೇಳಿದಂತೆ, ಈ ಪ್ಯಾಕೆಟ್ಟು ನಮ್ಮ ಹೊಲದ ಮುಂದೆಯೇ ಪರದೇಶಿಯಾಗಿ ನೇತಾಡುತ್ತದೆ.

ಹಾಗೆಂದು ನನಗೆ ಪುಡಿಗಳ ಮೇಲೆ ದ್ವೇಷವಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೆಂತೆಹಿಟ್ಟು ಇಲ್ಲದ ಅಡುಗೆಮನೆ ಈ ಸೀಮೆಯಲ್ಲಿ ಎಲ್ಲಿದೆ? 1924ರಲ್ಲಿ ಶುರುವಾದ ಬೆಂಗಳೂರಿನ ಎಂಟಿಆರ್‌ನವರು ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲಿನ ತಿಂಡಿಗೆ ಸರ್ಕಾರ ದರ ಕಟ್ಟಿದಾಗ ಪುಡಿ ಮಾರಲು ಹೊರಟರು. ಆ ದಾರಿಯಲ್ಲಿ ರವೆ ಇಡ್ಲಿ ಕೂಡ ಪೊಟ್ಟಣ ಸೇರಿತು. ನನ್ನ ತಕರಾರು ಪೊಟ್ಟಣದ್ದಲ್ಲ, ಒಳಗಿರುವುದರದ್ದು.

ಮೊದಮೊದಲು ಒಳಗೆ ಏನಿತ್ತು ಗೊತ್ತೇ? ಬೇಳೆಕಾಳು! 1867ರಲ್ಲಿ ಬರ್ಲಿನ್ನಿನ ಗ್ರ್ಯೂನೆಬರ್ಗ್ ಎಂಬ ಅಡುಗೆಯವನು ಬಟಾಣಿ ಹಿಟ್ಟಿಗೆ ಕೊಬ್ಬು, ಮಸಾಲೆ ಸೇರಿಸಿ ಉದ್ದನೆಯ ಸುರುಳಿ ಕಟ್ಟಿದ. ಮುರಿದು ನೀರಿಗೆ ಹಾಕಿ ಕುದಿಸಿದರೆ ಸೂಪು. 1870ರ ಯುದ್ಧದಲ್ಲಿ ಪ್ರಷ್ಯದ ಸೈನಿಕರು ಅದನ್ನು ಕುಡಿದೇ ಫ್ರಾನ್ಸಿನ ಮೇಲೆ ಹೋದರು. ಮುಂದೆ ಅದು ಕ್ನಾರ್ ಕಂಪನಿಯ ಕೈಗೆ ಬಂದು 2018ರವರೆಗೂ ಮಾರಾಟವಾಯಿತು. ಸ್ವಿಟ್ಜರ್ಲೆಂಡಿನ ಜೂಲಿಯಸ್ ಮ್ಯಾಗಿ 1886ರಲ್ಲಿ ತಂದ ಸೂಪೂ ಬಟಾಣಿ, ಅವರೆಜಾತಿಯ ಕಾಳಿನ ಹಿಟ್ಟಿನದೇ. ಕಾರ್ಖಾನೆಗೆ ಹೋಗುವ ಹೆಂಗಸರಿಗೆ ಅಡುಗೆಗೆ ಪುರಸೊತ್ತಿಲ್ಲ, ಬೇಗ ಆಗುವ, ಹೊಟ್ಟೆಗೆ ಗಟ್ಟಿಯಾದ ಏನಾದರೂ ಬೇಕು ಎಂಬುದು ಅದರ ಹಿಂದಿನ ವಿಚಾರ. ಅಂದರೆ ರೆಡಿಮೇಡ್ ಸೂಪಿನ ಮುತ್ತಜ್ಜ ನಮ್ಮ ಕಟ್ಟಿನ ಸಾರಿನ ದಾಯಾದಿ. ಬೇಳೆ ಹೋಗಿ ಪಿಷ್ಟ ಬಂದದ್ದು ವಂಶದಲ್ಲಿ ಆಮೇಲೆ ಆದ ಅವನತಿ.

ಕಟ್ಟಿನ ಸಾರಿನ ಮಾತು ಬಂದ ಮೇಲೆ ಅದನ್ನು ಅರ್ಧಕ್ಕೆ ಬಿಡಬಾರದು. ಹೋಳಿಗೆಯ ದಿನ ಕಡಲೆಬೇಳೆ ಬೇಯಿಸಿ ಬಸಿಯುತ್ತಾರೆ. ಬೇಳೆ ಬೆಲ್ಲದ ಜೊತೆ ಹೂರಣಕ್ಕೆ ಹೋಗುತ್ತದೆ, ಕೆಳಗೆ ಇಳಿದ ಹಳದಿ ನೀರು ಕಟ್ಟು. ಒಲೆಯ ಕೆಂಡದಲ್ಲಿ ಉಳ್ಳಾಗಡ್ಡಿ ಸುಡಬೇಕು, ಒಣಕೊಬ್ಬರಿಯ ಅಂಚು ಕಪ್ಪಾಗುವವರೆಗೆ ಬಾಡಿಸಬೇಕು. ಬಳ್ಳೊಳ್ಳಿ, ಲವಂಗ, ದಾಲ್ಚಿನ್ನಿ ಸೇರಿಸಿ ಅರೆದು, ಹುಣಸೆಹುಳಿ, ಬ್ಯಾಡಗಿ ಖಾರ, ಚೂರು ಹೂರಣ ಹಾಕಿ ಕುದಿಸಿ, ಮೇಲೆ ಕರಿಬೇವಿನ ಒಗ್ಗರಣೆ. ಅನ್ನಕ್ಕೆಂದು ಬಡಿಸಿದ ಈ ಸಾರನ್ನು ಯಾರೂ ನೋಡದಾಗ ವಾಟಿ ಎತ್ತಿ ಕುಡಿಯದ ಗಂಡಸು ನಮ್ಮ ಕಡೆ ಹುಟ್ಟಿಲ್ಲ. ಹುರಳಿ ಕಟ್ಟಿನದು ಇನ್ನೊಂದು ತಮಾಷೆ: ಬೆಂದ ಕಾಳು ಎತ್ತಿಗೆ, ಬಸಿದ ನೀರು ನಮಗೆ. ಆದರೂ ವ್ಯವಹಾರದಲ್ಲಿ ಗೆದ್ದವರು ನಾವೇ ಎಂದು ತಿಳಿದಿದ್ದೇವೆ. ಎತ್ತು ಏನೆಂದುಕೊಂಡಿದೆಯೋ!

ಪ್ಯಾಕೆಟ್ಟು ಹೆಚ್ಚೋ ಕಟ್ಟು ಹೆಚ್ಚೋ ಎಂಬ ವ್ಯಾಜ್ಯವನ್ನು ಎಲ್ಲಿಗೆ ಒಯ್ಯುವುದು? ನಮ್ಮ ಶಿಗ್ಗಾವಿ ತಾಲ್ಲೂಕಿನಲ್ಲೇ ಇದಕ್ಕೊಂದು ಪೂರ್ವನಿದರ್ಶನ ಇದೆ. ಇಲ್ಲಿನ ಬಾಡ ಗ್ರಾಮದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ, ತೀರ್ಪಿಗೆ ಶ್ರೀರಾಮನನ್ನೇ ಕೂರಿಸಿದರು. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ತೆಗೆದು ನೋಡಿದರೆ ಭತ್ತ ಕುಂದಿತ್ತು, ರಾಗಿ ಗಟ್ಟಿಯಾಗಿತ್ತು. ರಾಗಿ ಗೆದ್ದಿತು.

ಅದೇ ಪರೀಕ್ಷೆಯನ್ನು ಇಲ್ಲಿ ಮಾಡಿದರೆ ನನ್ನ ಪಕ್ಷ ಕೆಡುತ್ತದೆ. ಆರು ತಿಂಗಳ ಸೆರೆವಾಸ ಪ್ಯಾಕೆಟ್ಟಿಗೆ ಲೆಕ್ಕವೇ ಅಲ್ಲ, ಅದರ ಬೆನ್ನ ಮೇಲೆ ಇನ್ನೂ ಗಡುವು ಉಳಿದಿರುತ್ತದೆ. ಕಟ್ಟಿನ ಸಾರು? ಮರುದಿನ ಕಾಯಿಸಿದರೆ ಮೊದಲಿಗಿಂತ ರುಚಿ, ನಿಜ. ಅದರ ಮರುದಿನದ ಬಗ್ಗೆ ಯಾರೂ ಮಾತಾಡುವುದಿಲ್ಲ. ವಾರ ಕಳೆಯುವುದರೊಳಗೆ ಕಾವಲುಗಾರರೇ ಮೂಗು ಮುಚ್ಚಿಕೊಂಡು ಬಂದು ಅದಕ್ಕೆ ಜಾಮೀನು ಕೊಡಿಸುತ್ತಿದ್ದರು. ರಾಮ ಗೆದ್ದ ಧಾನ್ಯಕ್ಕೆ ರಾಘವನೆಂಬ ತನ್ನ ಹೆಸರನ್ನೇ ಕೊಟ್ಟನಂತೆ. ಪ್ಯಾಕೆಟ್ಟಿಗೆ ಆ ಉಪಕಾರವೂ ಬೇಡ, ಅದರ ಹೆಸರು ಆಗಲೇ ನೋಂದಣಿಯಾಗಿದೆ. ಮೇಲ್ಮನವಿಗೆ ಒಂದೇ ದಾರಿ: ರಾಗಿ ಆರು ತಿಂಗಳಾದ ಮೇಲೂ ಮುದ್ದೆಯಾಗಿ ಹೊಟ್ಟೆ ತುಂಬುತ್ತದೆ, ಈ ಪ್ಯಾಕೆಟ್ಟು ತಯಾರಾದ ದಿನವೂ ತುಂಬುವುದಿಲ್ಲ.

ಇಷ್ಟನ್ನೂ ನಾನು ಚಿಗವ್ವನ ಮುಂದೆ ಹೇಳಿದೆ. ಅವಳು ಮೊಮ್ಮಗಳು ಕೊಟ್ಟ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಊದಿ ಊದಿ ಕುಡಿಯುತ್ತಿದ್ದಳು.

"ಉಪ್ಪ ಜಾಸ್ತಿ ಐತಿ. ಸಕ್ಕರಿ ಯಾಕ ಹಾಕ್ಯಾರೋ ಏನೋ. ಬೋಳೀಮಕ್ಳು ಗಂಜಿ ಕಾಸಿ ಬಣ್ಣಾ ಹಚ್ಚ್ಯಾರ," ಎಂದಳು.

"ಮತ್ತ ಯಾಕ ಕುಡೀತಿ ಚಿಗವ್ವಾ?"

"ಕುಂತಲ್ಲಿಗೆ ಬಂತಲ್ಲೋ ತಮ್ಮಾ. ಕಟ್ಟಿನ ಸಾರ ಚಲೋ ಅಂತ ನೀ ಭಾಳ ಚಲೋ ಹೇಳಿದಿ. ಅರಿಯಾಕಿ ಯಾರು?"

ಜೂಲಿಯಸ್ ಮ್ಯಾಗಿಗೆ ಹೊಳೆದದ್ದೂ ಇಷ್ಟೇ. ಬಡಿಸಿಕೊಂಡು ಉಣ್ಣುವವನಿಗೆ ಎಲ್ಲ ಸಾರೂ ರೆಡಿಮೇಡೇ, ಪ್ಯಾಕೆಟ್ಟಿನ ಬೆಲೆ ಗೊತ್ತಿರುವುದು ಒಲೆಯ ಮುಂದೆ ನಿಂತವರಿಗೆ. ಹಾಗಾಗಿ ನನ್ನ ತೀರ್ಪು ಎರಡು ತುಂಡಾಗಿದೆ. ಹಸಿವಿಗೆ ಈ ಸೂಪು ಉಪಯೋಗವಿಲ್ಲ. ದಣಿವಿಗೆ ಹತ್ತು ರೂಪಾಯಿ ದಂಡವೇನಲ್ಲ, ಅಪರೂಪಕ್ಕಾದರೆ. ದಿನಾ ಆದರೆ ಬೇಡ. ದಿನಕ್ಕೆ ಐದು ಗ್ರಾಮಿನೊಳಗೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ನಮ್ಮ ಉಪ್ಪಿನಕಾಯಿ ಹಪ್ಪಳಗಳೇ ಆ ಗೆರೆಯನ್ನು ಎಂದೋ ದಾಟಿವೆ.

ತಂದೇ ತರುತ್ತೀರಾದರೆ ಬರೆದದ್ದಕ್ಕಿಂತ ಅರ್ಧ ಲೋಟ ನೀರು ಹೆಚ್ಚು ಹಾಕಿ. ಬೆಂದ ಹೆಸರುಕಾಳೋ ತೊಗರಿಬೇಳೆಯೋ ಒಂದು ಸೌಟು ಕೂಡಿಸಿ, ನಾಲ್ಕು ಕಾಳು ಮೆಣಸು ಕುಟ್ಟಿ ಉದುರಿಸಿ. ಹೋಳಿಗೆ ಮಾಡಿದ ದಿನ ಮಾತ್ರ ಪ್ಯಾಕೆಟ್ಟಿಗೆ ಕೈ ಹಚ್ಚಬೇಡಿ, ಅವತ್ತು ಕಟ್ಟು ಪುಕ್ಕಟೆ ಸಿಗುತ್ತದೆ. ಮಸಾಲೆ ಅರೆಯುವ ಕೆಲಸವನ್ನು ಮನೆಯ ಗಂಡಸರಿಗೆ ಹಚ್ಚಿ. ವಾಟಿ ಎತ್ತಿ ಕುಡಿಯುವವರು ಅವರೇ ತಾನೆ.